ರಾತ್ರಿ ಬೀದಿಯ ಬಣ್ಣದ ಬೋರ್ಡು, ವಿಡಿಯೋದಲ್ಲಿ ಓಡೋ ಕಪ್ಪು ಪಟ್ಟೆ

ಹಾಂ, ಕತ್ತಲಾಯ್ತು, ಬೋರ್ಡುಗಳೆಲ್ಲ ಹತ್ಕೊಂಡ್ವು. ರಾತ್ರಿ ಸಿಟಿಗೆ ಬರೋದು ಹಾಡಿಗೆ, ಕುಣಿತಕ್ಕೆ ಅಂತಾರೆ. ಸುಳ್ಳು! ಮೊದಲು ಎಳೆಯೋದು ಈ ಬೆಳಕೇ.

ಬಲಗಡೆ ಕೆಂಪು ಅಕ್ಷರ ಇದ್ಯಲ್ಲ, ಅದು ಅಸಲಿ ನಿಯಾನ್, ಗಾಜಿನ ಕೊಳವೆಯೊಳಗೆ ಕರೆಂಟಿಗೆ ಹೊಳೆಯೋ ಅನಿಲ. ಫ್ರಾನ್ಸಿನ ಇಂಜಿನಿಯರ್ ಜಾರ್ಜ್ ಕ್ಲಾಡ್ 1910ರಲ್ಲಿ ಪ್ಯಾರಿಸ್‌ನಲ್ಲಿ ತೋರಿಸಿದ್ನಲ್ಲ, ಅದೇ ಕೆಂಪು. ಹತ್ತಿರ ಹೋಗೋಣ. ಅಕ್ಷರದಿಂದ ಅಕ್ಷರಕ್ಕೆ ಕೊಳವೆ ಒಂದೇ, ಮಧ್ಯದ ತುಂಡಿಗೆ ಕಪ್ಪು ಬಣ್ಣ ಬಳಿದಿರ್ತಾರೆ, ಅಷ್ಟೇ. ಪಕ್ಕದ ನೀಲಿಯಲ್ಲಿ ನಿಯಾನ್ ಇಲ್ವೇ ಇಲ್ಲ. ಆರ್ಗಾನ್ ಅನ್ನೋ ಇನ್ನೊಂದು ಅನಿಲ, ಜೊತೆಗೆ ಒಂದು ಹನಿ ಪಾದರಸ. ಚಳಿ ಜಾಸ್ತಿಯಾದ್ರೆ ಪಾದರಸ ಸರಿಯಾಗಿ ಆವಿಯಾಗಲ್ಲ, ಅದಕ್ಕೇ ಮೊದಲು ಮಂಕಾಗೋದು ಇದೇ.

ಅಯ್ಯೋ, ಶುರುವಾಯ್ತು ನೋಡಿ, ಕಪ್ಪು ಪಟ್ಟೆ ಮೇಲಿಂದ ಕೆಳಗೆ ಹರೀತಿದೆ! ಕಣ್ಣಿಗೆ ಕಾಣಲ್ಲ, ಕ್ಯಾಮೆರಾಗೆ ಮಾತ್ರ. 50 ಹರ್ಟ್ಸ್ ಕರೆಂಟ್ ಅಂದ್ರೆ ಸೆಕೆಂಡಿಗೆ 50 ಸುತ್ತು, ಸುತ್ತಿಗೆ ಎರಡು ಸಲದ ಲೆಕ್ಕದಲ್ಲಿ ಈ ದೀಪ ಸೆಕೆಂಡಿಗೆ 100 ಸಲ ಏರಿ ಇಳಿಯತ್ತೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯೋ ಸೆನ್ಸರ್ ಚಿತ್ರನ ಸಾಲು ಸಾಲಾಗಿ ಓದತ್ತೆ, ಇಳಿದಾಗ ಓದಿದ ಸಾಲು ಕಪ್ಪು. ಶಟರನ್ನ, ಅಂದ್ರೆ ಒಂದೊಂದು ಫ್ರೇಮಿಗೆ ಬೆಳಕು ತಗೊಳ್ಳೋ ಸಮಯನ, ಆಟೋದಲ್ಲಿ ಬಿಡ್ಲೇಬೇಡಿ. 1/50 ಇಲ್ಲಾ 1/100 ಸೆಕೆಂಡಿಗೆ ಕಟ್ಟಿ ಹಾಕಿ, ಆಗ ಪ್ರತಿ ಸಾಲಿಗೂ ಪೂರ್ತಿ ಏರಿಳಿತ ಸಿಗತ್ತೆ. 60 ಹರ್ಟ್ಸ್ ಇರೋ ದೇಶದಲ್ಲಿ 1/60 ಇಲ್ಲಾ 1/120. ಪಟ್ಟೆ ಮಾಯವಾಗತ್ತೆ.

ಮಾಯವಾಗದೇ ಇದ್ರೆ ಅದು ಬಹುಶಃ ಎಲ್‌ಇಡಿ. ನಿಯಾನ್ ವೇಷ ಹಾಕಿರೋ ಪ್ಲಾಸ್ಟಿಕ್ ಪಟ್ಟಿ, ನನಗಂತೂ ಆಗಲ್ಲ. ಬೆಳಕು ಕಮ್ಮಿ ಮಾಡೋಕೆ ಡಿಮ್ಮರ್ ಅದನ್ನ ತನ್ನದೇ ಲೆಕ್ಕದಲ್ಲಿ ಹತ್ತಿಸಿ ಆರಿಸತ್ತೆ, ನಮ್ಮ 50ರ ಲೆಕ್ಕ ಅಲ್ಲಿ ನಡೆಯಲ್ಲ. ಶಟರನ್ನ ಇನ್ನೂ ನಿಧಾನ ಮಾಡಿ, ಪರದೆ ನೋಡ್ತಾ ಒಂದೊಂದೇ ಹೆಜ್ಜೆ ಬದಲಿಸಿ. ಎಡಿಟಿಂಗಲ್ಲಿ ಅಳಿಸ್ತೀನಿ ಅಂತ ಬಿಟ್ರೆ ಕೆಟ್ರಿ! ಆದ್ರೂ ಒಂದು ಮಾತು: ನಿಯಾನಿಗೆ ಸಾವಿರಾರು ವೋಲ್ಟ್, ಎಲ್‌ಇಡಿ ಪಟ್ಟಿಗೆ 12 ಸಾಕು, ಬಿದ್ರೂ ಒಡೆಯಲ್ಲ. ಕೈಗೆಟುಕೋ ಎತ್ತರದಲ್ಲಿ ಅದೇ ಇರ್ಲಿ ಬಿಡಿ.

ಎಲ್ಲಿದ್ವಿ? ಹಾಂ, ಬಣ್ಣ. ಈ ಕೆಂಪು ನಡುವೆ ಬಿಳಿಚಿಕೊಂಡಿದೆ, ಬೆಳಕು ಜಾಸ್ತಿ ಆಗಿದೆ. ಎಕ್ಸ್‌ಪೋಷರ್ ಒಂದೆರಡು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧ), ಬೀದಿ ಕಪ್ಪಾದ್ರೆ ಆಗ್ಲಿ. ವೈಟ್ ಬ್ಯಾಲೆನ್ಸ್, ಅಂದ್ರೆ ಕ್ಯಾಮೆರಾ ಯಾವುದನ್ನ ಬಿಳಿ ಅಂತ ತಗೊಳ್ಳತ್ತೆ ಅನ್ನೋದು, 3200 ಕೆಲ್ವಿನ್ ಹತ್ತಿರ ನಿಲ್ಸಿ, ಆಟೋದಲ್ಲಿ ಬಿಟ್ರೆ ಪ್ರತಿ ಬೋರ್ಡಿಗೂ ಕ್ಯಾಮೆರಾ ಬಣ್ಣದ ಲೆಕ್ಕ ಬದಲಿಸತ್ತೆ.

ಶಾಟ್ ಮುಗೀತಿದೆ, ಬೇಗ ಹೇಳ್ಬಿಡ್ತೀನಿ. ಈ ನೀರಿನ ಗುಂಡಿ ನೋಡಿ. ಫೋಕಸ್ ನೀರಿನ ಮೇಲಲ್ಲ, ಒಳಗೆ ತಲೆಕೆಳಗಾಗಿ ಕಾಣೋ ಅಕ್ಷರದ ಮೇಲೆ.