ರಕ್ತ ಕಡಿಮೆ ಅಂದರೆ ಕಬ್ಬಿಣ ಕಡಿಮೆಯೇ?

ಕೇಳುಗರಿಗೆ ನಮಸ್ಕಾರ.

ಒಂದೂವರೆ ವರ್ಷದ ಮಗುವಿನ ಹಿಮೋಗ್ಲೋಬಿನ್ ಒಂಬತ್ತೂವರೆ ಗ್ರಾಂ ಬಂತು ಅಂದುಕೊಳ್ಳಿ. 'ರಕ್ತ ಕಡಿಮೆ ಇದೆ, ಟಾನಿಕ್ ಕೊಡಿ' ಅನ್ನುತ್ತಾರೆ. ಬಹಳ ಸಲ ಅದು ಸರಿಯೇ. ಆದರೆ ಆ ಸಂಖ್ಯೆ ರಕ್ತಹೀನತೆ ಇದೆ ಅಂತ ತಿಳಿಸುತ್ತದೆಯೇ ಹೊರತು ಯಾಕೆ ಬಂತು ಅಂತ ತಿಳಿಸುವುದಿಲ್ಲ.

ಈ 'ಯಾಕೆ'ಯ ಬೆನ್ನು ಹತ್ತಿದವರಲ್ಲಿ ಮೆಲ್ಬರ್ನ್‌ನ ರಕ್ತರೋಗ ತಜ್ಞ ಸಂತ್-ರಾಯ್ನ್ ಪಸ್ರಿಚಾ ಒಬ್ಬರು. ಇಲ್ಲಿನ ವೈದ್ಯರ ಜೊತೆಗೂಡಿ ಅವರು ಕರ್ನಾಟಕದ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಒಂದು ತುಂಬಿ ಎರಡು ತುಂಬದ ಸುಮಾರು 400 ಮಕ್ಕಳಲ್ಲಿ ಹೆಚ್ಚುಕಡಿಮೆ ನಾಲ್ವರಿಗೆ ಮೂವರಂತೆ ರಕ್ತಹೀನತೆ ಇತ್ತು. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಕಬ್ಬಿಣದ ದಾಸ್ತಾನು ಬರಿದಾಗಿತ್ತು. ತಾಯಿಗೆ ರಕ್ತಹೀನತೆ ಇದ್ದರೆ, ಮನೆಯಲ್ಲಿ ಊಟಕ್ಕೆ ತತ್ವಾರವಿದ್ದರೆ ಮಗುವಿನ ಹಿಮೋಗ್ಲೋಬಿನ್ ಕೂಡ ಕಡಿಮೆ ಇತ್ತು.

ಆಗ 11 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ ಎನ್ನುತ್ತಿದ್ದರು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷದೊಳಗಿನವರಿಗೆ ಈ ಗೆರೆಯನ್ನು 10.5ಕ್ಕೆ ಇಳಿಸಿತು. ಅಂದರೆ 10.7 ಇರುವ ಮಗು ಮೊದಲಾದರೆ ರೋಗಿ, ಈಗ ಅಲ್ಲ!

ಅಳತೆಯಲ್ಲೇ ಎಡವುವುದುಂಟು. ಬೆರಳು ಚುಚ್ಚಿ ರಕ್ತ ಬರಲಿಲ್ಲ ಅಂತ ಹಿಂಡಿದರೆ ಅಂಗಾಂಶದ ನೀರು ಬೆರೆತು ಸಂಖ್ಯೆ ತಪ್ಪುತ್ತದೆ. ಮೊದಲು ಕೈಯನ್ನು ಬೆಚ್ಚಗೆ ಮಾಡಬೇಕು, ಸ್ಪಿರಿಟ್ ಪೂರ್ತಿ ಆರಬೇಕು, ಮೊದಲ ಹನಿಯನ್ನು ಒರೆಸಿಬಿಡಬೇಕು. ಅನುಮಾನ ಬಂದರೆ ರಕ್ತನಾಳದಿಂದಲೇ ರಕ್ತ ತೆಗೆಸುವುದು ಲೇಸು.

ಕಬ್ಬಿಣದ ದಾಸ್ತಾನು ತಿಳಿಯಲು ಫೆರಿಟಿನ್ ಪರೀಕ್ಷೆ ಇದೆ. ಐದು ವರ್ಷದೊಳಗಿನ ಆರೋಗ್ಯವಂತ ಮಗುವಿಗೆ ಲೀಟರಿಗೆ 12 ಮೈಕ್ರೋಗ್ರಾಂಗಿಂತ ಕಡಿಮೆ ಬಂದರೆ ಕೊರತೆ ಖಚಿತ. ಆದರೆ ಜ್ವರ, ಕೆಮ್ಮು, ಭೇದಿ ಇದ್ದಾಗ ಫೆರಿಟಿನ್ ತಾನಾಗಿಯೇ ಏರುತ್ತದೆ. ಕೊರತೆ ಇರುವ ಮಗುವಿನ ವರದಿಯೂ ಚೆನ್ನಾಗಿಯೇ ಕಾಣಿಸುತ್ತದೆ. ಆದ್ದರಿಂದ ಸೋಂಕು ಇದ್ದಾಗ 30ಕ್ಕಿಂತ ಕೆಳಗಿದ್ದರೂ ಕೊರತೆ ಎಂದೇ ಎಣಿಸುತ್ತಾರೆ. ಜೊತೆಗೆ ಸಿಆರ್‌ಪಿ ನೋಡುತ್ತಾರೆ, ಮೈಯಲ್ಲಿ ಸೋಂಕು ಅಥವಾ ಉರಿಯೂತ ಇದೆಯೇ ಅಂತ ತಿಳಿಸುವ ರಕ್ತ ಪರೀಕ್ಷೆ ಅದು. ಸೋಂಕಿನ ಹೊತ್ತಿನಲ್ಲಿ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ಬಿಡುತ್ತದೆ. ಅದು ಕರುಳಿನಲ್ಲಿ ಕಬ್ಬಿಣದ ದಾರಿ ಮುಚ್ಚುವ ಬಾಗಿಲು. ಪದೇ ಪದೇ ಕಾಯಿಲೆ ಬೀಳುವ ಮಗುವಿಗೆ ಸಿರಪ್ ಕೊಟ್ಟರೂ ಸರಿಯಾಗಿ ಹತ್ತದಿರಲು ಇದೂ ಒಂದು ಕಾರಣ.

ಕಬ್ಬಿಣದಿಂದ ಎಲ್ಲವೂ ಸರಿಹೋಗುತ್ತದೆಯೇ? ಇದನ್ನು ನೋಡಲು ಪಸ್ರಿಚಾ ತಂಡ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಎಂಟು ತಿಂಗಳ 3,300 ಕೂಸುಗಳನ್ನು ಆರಿಸಿತು. ಕೆಲವರಿಗೆ ದಿನಕ್ಕೆ 12.5 ಮಿಲಿಗ್ರಾಂ ಕಬ್ಬಿಣದ ಸಿರಪ್, ಕೆಲವರಿಗೆ ಊಟಕ್ಕೆ ಬೆರೆಸುವ, ಕಬ್ಬಿಣ ಇರುವ ಪುಡಿ, ಉಳಿದವರಿಗೆ ಔಷಧವಿಲ್ಲದ ಹುಸಿ ಸಿರಪ್, ಹುಸಿ ಪುಡಿ, ಹೀಗೆ ಮೂರು ತಿಂಗಳು. ಫಲಿತಾಂಶ ಬಂದದ್ದು 2021ರಲ್ಲಿ. ರಕ್ತಹೀನತೆ ಕಡಿಮೆಯಾಯಿತು, ಬುದ್ಧಿಯ ಬೆಳವಣಿಗೆಯಲ್ಲಿ ಮಾತ್ರ ಗುರುತಿಸುವಂಥ ವ್ಯತ್ಯಾಸ ಕಾಣಲಿಲ್ಲ. ಕೊರತೆ ಇರುವ ಮಗುವಿಗೆ ಕಬ್ಬಿಣ ಬೇಡ ಅಂತ ಇದರ ಅರ್ಥವಲ್ಲ. ಎಲ್ಲರಿಗೂ ಹಂಚಿದರೆ ಮಕ್ಕಳು ಜಾಣರಾಗುತ್ತಾರೆ ಎಂಬ ಭರವಸೆಗೆ ಇಲ್ಲಿ ಪುರಾವೆ ಸಿಗಲಿಲ್ಲ, ಅಷ್ಟೆ.

ಈಗ ಸಿರಪ್ಪಿನ ಲೆಕ್ಕ. ಚಿಕಿತ್ಸೆಗೆ ದಿನಕ್ಕೆ ಕೆ.ಜಿ. ತೂಕಕ್ಕೆ 3 ಮಿಲಿಗ್ರಾಂ. ಹತ್ತು ಕೆ.ಜಿ. ಮಗುವಿಗೆ 30. ಸರ್ಕಾರಿ ಕಾರ್ಯಕ್ರಮದ ಸಿರಪ್ಪಿನಲ್ಲಿ ಒಂದು ಎಂ.ಎಲ್.ಗೆ 20 ಮಿಲಿಗ್ರಾಂ ಕಬ್ಬಿಣ ಇರುವುದರಿಂದ ಒಂದೂವರೆ ಎಂ.ಎಲ್. ಸಾಕು. ರಕ್ತಹೀನತೆ ಬಾರದಂತೆ ವಾರಕ್ಕೆರಡು ಸಲ ಒಂದೊಂದು ಎಂ.ಎಲ್. ಕೊಡುತ್ತಾರಲ್ಲ, ಆ ಲೆಕ್ಕ ಬೇರೆ. ಅಂಗಡಿಯ ಬಾಟಲಿಗಳಲ್ಲಿ ಒಂದೊಂದರದು ಒಂದೊಂದು ಪ್ರಮಾಣ. 'ಎಲಿಮೆಂಟಲ್ ಐರನ್', ಅಂದರೆ ಅದರಲ್ಲಿರುವ ನಿಜವಾದ ಕಬ್ಬಿಣ, ಎಷ್ಟಿದೆ ಅಂತ ಓದಿ, ವೈದ್ಯರಿಗೂ ತೋರಿಸಿ. ಹಾಲು, ಟೀ ಜೊತೆ ಬೇಡ. ಕಿತ್ತಳೆ ರಸ ಆಗಬಹುದು. ಮಲ ಕಪ್ಪಾದರೆ ಗಾಬರಿ ಬೇಡ. ಬಾಟಲಿ ಮಾತ್ರ ಮಗುವಿನ ಕೈಗೆ ಸಿಗಬಾರದು: ಒಂದೇ ಸಲ ಹೆಚ್ಚು ಕುಡಿದರೆ ಕಬ್ಬಿಣ ಜೀವಕ್ಕೇ ಎರವಾಗುತ್ತದೆ. ರಾಗಿ ಸರಿ ಮಾಡುವವರು ರಾಗಿಯನ್ನು ಮೊಳಕೆ ಕಟ್ಟಿಸಿ ಒಣಗಿಸಿ ಬೀಸಿಕೊಂಡರೆ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗುತ್ತದೆ.

ತಿಂಗಳಲ್ಲಿ ಹಿಮೋಗ್ಲೋಬಿನ್ ಒಂದು ಗ್ರಾಂ ಆದರೂ ಏರಬೇಕು. ಏರಿ ಸರಿಹೋಯಿತು ಅಂತ ನಿಲ್ಲಿಸಬೇಡಿ. ದಾಸ್ತಾನು ತುಂಬಲು ಇನ್ನೂ ಎರಡು ಮೂರು ತಿಂಗಳು ಬೇಕು. ಸರಿಯಾಗಿ ಕೊಟ್ಟೂ ಏರದಿದ್ದರೆ ಬಾಟಲಿ ಬದಲಿಸುತ್ತಾ ಕೂರಬೇಡಿ. ಪೂರ್ಣ ರಕ್ತ ಪರೀಕ್ಷೆಯಲ್ಲಿ ಕೆಂಪುಕಣಗಳು ತೀರಾ ಚಿಕ್ಕದಾಗಿದ್ದೂ ಅವುಗಳ ಸಂಖ್ಯೆ ಒಂದು ಮೈಕ್ರೋಲೀಟರ್ ರಕ್ತಕ್ಕೆ 50 ಲಕ್ಷ ದಾಟಿದ್ದರೆ ಮಗು ಥಲಸ್ಸೀಮಿಯಾ ವಾಹಕವೇ ಅಂತ ನೋಡಬೇಕು. ಥಲಸ್ಸೀಮಿಯಾ ಅಂದರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ತಂದೆ ತಾಯಿಯಿಂದ ಬರುವ ರಕ್ತದ ಕಾಯಿಲೆ; ವಾಹಕ ಅಂದರೆ ಅದರ ದೋಷವನ್ನು ಒಬ್ಬ ಪೋಷಕರಿಂದ ಮಾತ್ರ ಪಡೆದವರು. ಅದಕ್ಕೆ ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ. ಅದರಲ್ಲಿ ಹಿಮೋಗ್ಲೋಬಿನ್ ಎ2 ಎಂಬ ಬಗೆ ಶೇಕಡಾ 3.5ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಬೀಟಾ ಥಲಸ್ಸೀಮಿಯಾ ವಾಹಕ. ಇಲ್ಲೂ ಒಂದು ತೊಡಕಿದೆ: ಕಬ್ಬಿಣದ ಕೊರತೆ ಎ2 ಪ್ರಮಾಣವನ್ನು ತಗ್ಗಿಸಿ ವಾಹಕತನವನ್ನು ಮರೆಮಾಡಬಹುದು. ಹಾಗಾಗಿ ಕೊರತೆ ನೀಗಿದ ಮೇಲೆ ಇನ್ನೊಮ್ಮೆ ಮಾಡಿಸಬೇಕು. ವಾಹಕ ಮಗುವಿಗೆ ಕೊರತೆ ಇಲ್ಲದಿದ್ದರೆ ಕಬ್ಬಿಣ ಬೇಕಿಲ್ಲ. ಆದರೆ ತಂದೆ, ತಾಯಿ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಇಬ್ಬರೂ ವಾಹಕರಾದರೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ತೀವ್ರ ಥಲಸ್ಸೀಮಿಯಾದ ಸಂಭವ. ಮುಂದಿನ ಬಸಿರಿಗೆ ಮೊದಲೇ ವೈದ್ಯರ ಸಲಹೆ ಪಡೆಯಿರಿ.

ನಮಸ್ಕಾರ.