ಮಲೇರಿಯಾ: ಕೆಂಪು ರಕ್ತಕಣದೊಳಗಿನ ಹಾನಿ

ಕೇಳುಗರೆಲ್ಲರಿಗೂ ನಮಸ್ಕಾರ.

1880ರಲ್ಲಿ ಅಲ್ಜೀರಿಯಾದ ಸೇನಾ ಆಸ್ಪತ್ರೆಯೊಂದರಲ್ಲಿ ಫ್ರೆಂಚ್ ವೈದ್ಯ ಲಾವೆರಾನ್ ಮಲೇರಿಯಾ ರೋಗಿಯ ರಕ್ತದಲ್ಲಿ ಚಲಿಸುವ ಜೀವಿಯೊಂದನ್ನು ಕಂಡರು. ಆ ಜೀವಿ ನಮ್ಮ ರಕ್ತಕಣವನ್ನು ಹೇಗೆ ಹಾಳುಗೆಡವುತ್ತದೆ ಎಂಬುದನ್ನು, ಅತ್ಯಂತ ಮಾರಕವಾದ ಪ್ಲಾಸ್ಮೋಡಿಯಂ ಫಾಲ್ಸಿಪಾರಂ ಪ್ರಭೇದವನ್ನು ಮುಂದಿಟ್ಟುಕೊಂಡು ನೋಡೋಣ.

ಸೊಳ್ಳೆ ಕಚ್ಚಿದಾಗ ದೇಹ ಸೇರುವ ಈ ಪರೋಪಜೀವಿ ಸುಮಾರು ಒಂದು ವಾರ ಯಕೃತ್ತಿನಲ್ಲಿ ಸದ್ದಿಲ್ಲದೆ ವೃದ್ಧಿಯಾಗಿ, ಅನಂತರ ಕೆಂಪು ರಕ್ತಕಣವನ್ನು ಹೊಗುತ್ತದೆ. ಅಡಗಲು ಇದಕ್ಕಿಂತ ಒಳ್ಳೆಯ ತಾಣ ಅದಕ್ಕೆ ಸಿಗಲಾರದು. ದೇಹದ ಇತರ ಬಹುತೇಕ ಜೀವಕೋಶಗಳು ತಮ್ಮೊಳಗೆ ವೈರಿ ಸೇರಿದಾಗ ಆ ಸುಳಿವನ್ನು ಮೇಲ್ಮೈಯಲ್ಲಿ ತೋರಿಸಿ ರಕ್ಷಣಾ ಕೋಶಗಳನ್ನು ಎಚ್ಚರಿಸುತ್ತವೆ; ಕೋಶಕೇಂದ್ರವೇ ಇಲ್ಲದ ಪಕ್ವ ಕೆಂಪು ಕಣಕ್ಕೆ ಆ ಸಾಮರ್ಥ್ಯವಿಲ್ಲ.

ಒಳಹೊಕ್ಕ ಜೀವಿ ಕಣದಲ್ಲಿರುವ ಹಿಮೋಗ್ಲೋಬಿನ್‌ನ ಬಹುಪಾಲನ್ನು ತಿಂದು ಜೀರ್ಣಿಸಿಕೊಳ್ಳುತ್ತದೆ. ಆಗ ಉಳಿಯುವ ಕಬ್ಬಿಣಯುಕ್ತ ಹೀಮ್ ಆ ಜೀವಿಗೇ ವಿಷವಾದ್ದರಿಂದ, ಅದನ್ನು ಕಂದುಗಪ್ಪು ಹರಳುಗಳಾಗಿ ಕಟ್ಟಿಡುತ್ತದೆ. ಕ್ಲೋರೋಕ್ವಿನ್ ಔಷಧಿ ತಡೆಯುವುದು ಈ ಹರಳುಗಟ್ಟುವಿಕೆಯನ್ನೇ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತಲೂ ಘೋರವಾದದ್ದು ಕಣದ ಹೊರಮೈಯಲ್ಲಾಗುವ ಬದಲಾವಣೆ. ಆರೋಗ್ಯವಂತ ಕೆಂಪು ಕಣದ ಅಗಲ ಏಳೆಂಟು ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ತನಗಿಂತ ಕಿರಿದಾದ ಲೋಮನಾಳದಲ್ಲೂ, ಅಂದರೆ ಅತಿ ಸಪೂರ ರಕ್ತನಾಳದಲ್ಲೂ, ಅದು ಬಾಗಿ ಬಳುಕಿ ಸಾಗಬಲ್ಲದು. ಸೋಂಕು ತಗುಲಿದ ಕಣವಾದರೋ ಗಡುಸಾಗುತ್ತದೆ. ಪರೋಪಜೀವಿ ತಯಾರಿಸಿದ ಪ್ರೋಟೀನುಗಳು ಪೊರೆಗೆ ಬಂದು ಸಣ್ಣ ಸಣ್ಣ ಗುಬುಟುಗಳನ್ನು ಎಬ್ಬಿಸುತ್ತವೆ, ಅವುಗಳ ಮೂಲಕ ಕಣವು ರಕ್ತನಾಳದ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಹೀಗೆ ಅಂಟಿಕೊಂಡ ಕಣ, ಹಾಳಾದ ಕಣಗಳನ್ನು ರಕ್ತದಿಂದ ಸೋಸಿ ತೆಗೆಯುವ ಗುಲ್ಮದಿಂದ (ಸ್ಪ್ಲೀನ್) ಪಾರಾಗುತ್ತದೆ. ಆದರೆ ಅಂತಹ ಕಣಗಳು ಮಿದುಳಿನ ಲೋಮನಾಳಗಳಲ್ಲಿ ಒತ್ತೊತ್ತಾಗಿ ನೆರೆದಾಗ ರಕ್ತಸಂಚಾರಕ್ಕೆ ತಡೆಯುಂಟಾಗಿ, ರೋಗಿ, ಅದರಲ್ಲೂ ಎಳೆಯ ಮಗು, ಪ್ರಜ್ಞೆ ಕಳೆದುಕೊಳ್ಳಬಹುದು.

ಸುಮಾರು 48 ಗಂಟೆಗಳಲ್ಲಿ ಕಣ ಒಡೆಯುತ್ತದೆ. ಹೊರಬಿದ್ದ ಮರಿಜೀವಿಗಳು ಹೊಸ ಕಣಗಳನ್ನು ಹೊಗುತ್ತವೆ. ಜೊತೆಗೆ ಚೆಲ್ಲಿದ ಅವಶೇಷಗಳು ಚಳಿಜ್ವರವನ್ನು ಕೆರಳಿಸುತ್ತವೆ. ಸೋಂಕೇ ತಗುಲದ ಅನೇಕ ಕಣಗಳನ್ನೂ ಗುಲ್ಮವು ಈ ಅವಧಿಯಲ್ಲಿ ನಾಶಮಾಡುವುದರಿಂದ ರಕ್ತಹೀನತೆ ತೀವ್ರವಾಗುತ್ತದೆ.

ಬೆರಳು ಚುಚ್ಚಿ ತೆಗೆದ ರಕ್ತವನ್ನು ಗಾಜಿನ ಪಟ್ಟಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ರಕ್ತಲೇಪನದಲ್ಲಿ ಫಾಲ್ಸಿಪಾರಂನ ಉಂಗುರದಾಕಾರದ ಎಳೆಯ ರೂಪಗಳೇ ಹೆಚ್ಚಾಗಿ ಕಾಣಿಸುತ್ತವೆ. ಬಲಿತವು ಒಳಗಿನ ಅಂಗಗಳ ರಕ್ತನಾಳಗಳಿಗೆ ಅಂಟಿಕೊಂಡಿರುತ್ತವೆ. ಆದಕಾರಣ ಲೇಪನದಲ್ಲಿ ಕಂಡ ಸಂಖ್ಯೆ ಕಡಿಮೆಯಿದ್ದರೂ ರೋಗಿ ಮಂಕಾಗಿದ್ದರೆ ವೈದ್ಯರು ಅದನ್ನು ಗಂಭೀರ ಮಲೇರಿಯಾ ಎಂದೇ ಪರಿಗಣಿಸಿ, ತಡಮಾಡದೆ ಮಲೇರಿಯಾ ಔಷಧಿಯಾದ ಆರ್ಟಿಸುನೇಟ್‌ನ ಚುಚ್ಚುಮದ್ದನ್ನು ಆರಂಭಿಸುತ್ತಾರೆ.