ತಗ್ಗುವುದು, ಇಳಿಯುವುದು, ಅಡಗುವುದು

ಕೇಳುಗರಿಗೆ ನಮಸ್ಕಾರ.

ಮಂಡ್ಯದಲ್ಲಿ ಹಲವು ವರ್ಷ ಪದವಿ ತರಗತಿಗಳಿಗೆ ಇಂಗ್ಲಿಷ್ ಪಾಠ ಹೇಳಿದ ನನಗೆ, ಉತ್ತರ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಎದುರಾದ ವಾಕ್ಯವೊಂದಿದೆ: ‘ದ ಟ್ಯಾಬ್ಲೆಟ್ ಸಬ್‌ಸೈಡೆಡ್ ದ ಪೇಯ್ನ್’. ಮಾತ್ರೆ ನೋವನ್ನು ಇಳಿಸಿತು ಎಂಬುದು ಬರೆದವರ ಅಭಿಪ್ರಾಯ. ಇದನ್ನು ಅಜಾಗರೂಕತೆ ಎಂದು ನಾನು ಎಂದೂ ಭಾವಿಸಲಿಲ್ಲ. ಕನ್ನಡದ ಒಂದು ಸೊಗಸಾದ ನಿಯಮವನ್ನು ಆ ಮಕ್ಕಳು ಇಂಗ್ಲಿಷಿನಲ್ಲೂ ನಂಬಿದ್ದರು. ನಮ್ಮಲ್ಲಿ ‘ಇಳಿ’ ಎಂಬುದಕ್ಕೆ ಒಂದು ಪ್ರತ್ಯಯ ಹತ್ತಿದರೆ ‘ಇಳಿಸು’ ಸಿದ್ಧವಾಗುತ್ತದೆ. ‘ತಗ್ಗು’ ‘ತಗ್ಗಿಸು’ ಆಗುತ್ತದೆ, ‘ಅಡಗು’ ‘ಅಡಗಿಸು’ ಆಗುತ್ತದೆ, ‘ನಂದು’ ‘ನಂದಿಸು’ ಆಗುತ್ತದೆ. ಇಂಗ್ಲಿಷಿನ ‘ಸಬ್‌ಸೈಡ್’ ಎಂಬ ಕ್ರಿಯಾಪದಕ್ಕೆ ಈ ಸೌಕರ್ಯವಿಲ್ಲ. ನೋವು ತಾನಾಗಿ ‘ಸಬ್‌ಸೈಡ್’ ಆಗಬಹುದು, ಆದರೆ ಯಾರೂ ಅದನ್ನು ‘ಸಬ್‌ಸೈಡ್’ ಮಾಡಲಾರರು. ಮಾತ್ರೆ ಕರ್ತೃವಾದರೆ ‘ರಿಲೀವ್’ ಅಥವಾ ‘ಈಸ್’ ಎನ್ನಬೇಕು.

ಕಡಿಮೆಯಾಗುವುದನ್ನು ಹೇಳುವ ಇಂಗ್ಲಿಷ್ ಕ್ರಿಯಾಪದಗಳು ಬಹಳ. ನಿಘಂಟು ತೆರೆದರೆ ಎಲ್ಲದರ ಮುಂದೆಯೂ ಹೆಚ್ಚುಕಡಿಮೆ ಒಂದೇ ಅರ್ಥ ಕಾಣುತ್ತದೆ, ಆದ್ದರಿಂದ ಕಲಿಯುವವರು ಕಿವಿಗೆ ಗಂಭೀರವಾಗಿ ಕೇಳಿದ್ದನ್ನು ಆರಿಸಿಕೊಳ್ಳುತ್ತಾರೆ. ಆದರೆ ಕನ್ನಡದಲ್ಲಿ ನಾವು ಹಾಗೆ ಆರಿಸುತ್ತೇವೆಯೇ? ಜ್ವರ ಬಿಡುತ್ತದೆ, ಗಾಳಿ ಅಡಗುತ್ತದೆ, ದೀಪ ಆರುತ್ತದೆ, ಕೆರೆ ಬತ್ತುತ್ತದೆ, ಪೈರು ಸೊರಗುತ್ತದೆ. ಕೆರೆ ಸೊರಗಿತು ಎಂದೋ ಗಾಳಿ ಬತ್ತಿತು ಎಂದೋ ಕವಿಯಲ್ಲದವರು ಹೇಳುವುದಿಲ್ಲ. ಕಡಿಮೆಯಾಗುತ್ತಿರುವ ವಸ್ತು ಯಾವುದು, ಅದು ಹೆಚ್ಚಾಗಿದ್ದಾಗ ಹೇಗಿತ್ತು ಎಂಬುದನ್ನು ನಮ್ಮ ನಾಲಿಗೆ ಅರಿಯದೆಯೇ ಗಮನಿಸಿರುತ್ತದೆ. ಆ ಗಮನವನ್ನೇ ಇಂಗ್ಲಿಷಿಗೂ ಕೊಂಡೊಯ್ಯಬೇಕೆಂಬುದು ನನ್ನ ವಿನಂತಿ.

‘ಸಬ್‌ಸೈಡ್’ ಲ್ಯಾಟಿನ್ನಿನಿಂದ ಬಂದ ಪದ. ಕೆಳಗೆ ಕುಳಿತುಕೊಳ್ಳುವುದು, ತಳಕ್ಕೆ ನೆಲೆಗೊಳ್ಳುವುದು ಎಂಬುದು ಅದರ ಮೂಲಾರ್ಥ. ನಮ್ಮ ಜಿಲ್ಲೆಯ ಆಲೆಮನೆಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು, ನೊರೆ ಅಂಚನ್ನು ಮೀರಿ ಚೆಲ್ಲುವಂತೆ ಏರಿ ಬಂದಾಗ, ಬೆಲ್ಲ ಕಾಯಿಸುವವರು ಕೊಂಚ ಹರಳೆಣ್ಣೆ ಚಿಮುಕಿಸುತ್ತಾರೆ, ಏರಿದ್ದ ನೊರೆ ಕಣ್ಣೆದುರಿಗೇ ಕುಳಿತುಬಿಡುತ್ತದೆ. ಆ ಕುಳಿತುಕೊಳ್ಳುವುದೇ ‘ಸಬ್‌ಸೈಡ್’. ಮೊದಲು ಉಬ್ಬಿದ್ದು, ಉಕ್ಕಿದ್ದು ಅಥವಾ ಕದಡಿದ್ದು ತನ್ನ ಸಹಜ ಮಟ್ಟಕ್ಕೆ ಮರಳುವಾಗ ಈ ಪದ ಒಪ್ಪುತ್ತದೆ. ಬಾವು, ಜ್ವರ, ಸಿಟ್ಟು, ಗದ್ದಲ ಎಲ್ಲವೂ ಹೀಗೆ ಇಳಿಯುತ್ತವೆ. ಅಡಿಪಾಯದ ಮಣ್ಣು ಕುಸಿದು ನೆಲ ತಗ್ಗಿದರೂ ಇದೇ ಪದ ಬರುತ್ತದೆ.

‘ಅಬೇಟ್’ ಎಂಬುದರ ಸ್ವಭಾವ ಬೇರೆ. ಹಳೆಯ ಫ್ರೆಂಚಿನಲ್ಲಿ ಅದರ ಮೂಲಪದಕ್ಕೆ ಹೊಡೆದು ಕೆಡವುವುದು ಎಂಬ ಅರ್ಥವಿತ್ತು. ಆ ಬಿರುಸಿನ ನೆನಪು ಪದದಲ್ಲಿ ಇಂದಿಗೂ ಉಳಿದಿರುವುದರಿಂದ, ತೀವ್ರತೆಯುಳ್ಳ ಸಂಗತಿಗಳಾದ ಬಿರುಗಾಳಿ, ಮಳೆ, ರೋಗದ ಹಾವಳಿ, ಸಾರ್ವಜನಿಕ ಆಕ್ರೋಶ ಇವುಗಳ ಬಲ ಕುಂದಿದಾಗ ಇದು ಸಲ್ಲುತ್ತದೆ. ಬರವಣಿಗೆಯಲ್ಲಿ ಇದರ ನಿಷೇಧರೂಪವಾದ ‘ಅನ್‌ಅಬೇಟೆಡ್’, ಅಂದರೆ ಒಂದಿಷ್ಟೂ ತಗ್ಗದೆ ಎಂಬುದು ವಿಶೇಷವಾಗಿ ರೂಢಿಯಲ್ಲಿದೆ. ಮಾತಿನಲ್ಲಿ ಮಳೆಗೆ ‘ಲೆಟ್ ಅಪ್’ ಸಾಕು. ‘ಅಬೇಟ್’ ಎಂಬುದನ್ನು ಸಕರ್ಮಕವಾಗಿಯೂ ಬಳಸಬಹುದು, ಕಾನೂನಿನ ಭಾಷೆಯಲ್ಲಿ ಉಪದ್ರವವನ್ನು ‘ಅಬೇಟ್’ ಮಾಡುವ ಅಧಿಕಾರವಿರುತ್ತದೆ. ಇಂಗ್ಲಿಷ್ ಹೆಚ್ಚು ಓದದ ನಮ್ಮ ರೈತರಿಗೂ ಈ ಪದ ನ್ಯಾಯಾಲಯದಿಂದ ಪರಿಚಿತ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 22ನೆಯ ಆದೇಶದ ಪ್ರಕಾರ, ಪಕ್ಷಕಾರರೊಬ್ಬರು ತೀರಿಕೊಂಡು, ದಾವೆಯ ಹಕ್ಕು ಉಳಿದಿದ್ದರೂ ಅವರ ವಾರಸುದಾರರನ್ನು 90 ದಿನಗಳೊಳಗೆ ದಾಖಲೆಗೆ ತರುವ ಅರ್ಜಿ ಸಲ್ಲದಿದ್ದರೆ, ಆ ಪಕ್ಷಕಾರರ ಮಟ್ಟಿಗೆ ದಾವೆ ‘ಅಬೇಟ್’ ಆಗುತ್ತದೆ. ಇಲ್ಲಿ ಅದು ತಗ್ಗುವುದಲ್ಲ, ಬಿದ್ದುಹೋಗುವುದು. ಹಳೆಯ ಅರ್ಥವೇ ಕಪ್ಪು ಕೋಟು ತೊಟ್ಟು ನಿಂತಂತಿದೆ.

ಒಂದೇ ಘಟನೆಗೆ ಮೂರು ಪದಗಳು ಸಲ್ಲುವ ಸಂದರ್ಭವೂ ಉಂಟು, ಮತ್ತು ನನ್ನ ದೃಷ್ಟಿಯಲ್ಲಿ ಕಲಿಯುವವರಿಗೆ ಅದೇ ಹೆಚ್ಚು ಉಪಯುಕ್ತ. ಕೊಡಗಿನಲ್ಲಿ ಮಳೆ ಜೋರಾಗಿ, ಕೃಷ್ಣರಾಜಸಾಗರ, ಅಂದರೆ ನಮ್ಮ ಕನ್ನಂಬಾಡಿ ಕಟ್ಟೆ, ತುಂಬಿ, ಗೇಟುಗಳಿಂದ ಭಾರಿ ಪ್ರಮಾಣದ ನೀರನ್ನು ಬಿಟ್ಟಾಗ ಶ್ರೀರಂಗಪಟ್ಟಣದ ಹಳೆಯ ವೆಲ್ಲೆಸ್ಲಿ ಸೇತುವೆಯ ಮೇಲೂ, ರಂಗನತಿಟ್ಟಿನ ನಡುಗಡ್ಡೆಗಳಲ್ಲೂ ಏನಾಗುತ್ತದೆಂದು ನಾವೆಲ್ಲ ಬಲ್ಲೆವು. ಕೆಲವು ದಿನಗಳ ಬಳಿಕ ಪರಿಸ್ಥಿತಿ ಸುಧಾರಿಸುತ್ತದೆ. ಪ್ರವಾಹದ ರಭಸವನ್ನು ಗಮನಿಸಿದವರು ಅದು ‘ಅಬೇಟ್’ ಆಯಿತೆನ್ನುತ್ತಾರೆ. ಸೇತುವೆಯ ಕಂಬದ ಮೇಲೆ ನೀರಿನ ಮಟ್ಟವನ್ನು ನೋಡುತ್ತಿರುವವರು ‘ಸಬ್‌ಸೈಡ್’ ಆಯಿತೆನ್ನುತ್ತಾರೆ. ತಮ್ಮ ಗದ್ದೆಯ ಬದುವಿನಿಂದ ನೀರಿನ ಅಂಚು ನದಿಯತ್ತ ಹಿಂಜರಿಯುವುದನ್ನು ಕಾಯುತ್ತಿರುವವರು ‘ರಿಸೀಡ್’ ಆಯಿತೆನ್ನುತ್ತಾರೆ. ಮೂರೂ ಸರಿ, ನಿಂತ ಜಾಗ ಮಾತ್ರ ಬೇರೆ. ಬರಗಾಲದಲ್ಲಿ ಕನ್ನಂಬಾಡಿಯ ಹಿನ್ನೀರು ಹಿಂದೆ ಸರಿದು, ಮುಳುಗಿದ್ದ ವೇಣುಗೋಪಾಲಸ್ವಾಮಿ ದೇವಾಲಯ ಹಿಂದೆ ಕಾಣಿಸಿಕೊಳ್ಳುತ್ತಿದ್ದುದನ್ನು ಹೇಳಲು ‘ರಿಸೀಡ್’ ಎಂಬುದಕ್ಕಿಂತ ತಕ್ಕ ಪದ ನನಗೆ ತಿಳಿಯದು. ಅದೇ ಜಲಾಶಯದ ಸಂಗ್ರಹವನ್ನು ಟಿಎಂಸಿಯಲ್ಲಿ ಎಣಿಸುತ್ತ, ದಿನದಿನಕ್ಕೂ ಕರಗಿ ಕೊನೆಗೆ ಏನೂ ಉಳಿಯದೇ ಹೋದೀತೆಂದು ಆತಂಕಪಟ್ಟರೆ ‘ಡ್ವಿಂಡಲ್’ ಎನ್ನಬೇಕು. ಮೊತ್ತ, ಸಂಖ್ಯೆ, ದಾಸ್ತಾನು ಇವುಗಳಿಗೆ ಅದು ಮೀಸಲಾದಂತಿದೆ.

‘ಎಬ್’ ಎಂಬುದನ್ನು ಮಾತ್ರ ಜಲಾಶಯಕ್ಕೆ ಬಳಸಬೇಡಿ. ಅದು ಕಡಲಿನ ಇಳಿತ, 124.80 ಅಡಿಯ ಗರಿಷ್ಠ ಮಟ್ಟದಿಂದ ಕನ್ನಂಬಾಡಿಯ ನೀರು ಎಷ್ಟೇ ಇಳಿದರೂ ಅಲ್ಲಿ ಉಬ್ಬರವೂ ಇಲ್ಲ, ಇಳಿತವೂ ಇಲ್ಲ. ಧೈರ್ಯ, ಚೈತನ್ಯ, ಪ್ರಾಣಶಕ್ತಿ ಇವು ಒಳಗಿನಿಂದ ಮೆಲ್ಲನೆ ಹರಿದುಹೋಗುವುದನ್ನು ಹೇಳಲು ಇಂಗ್ಲಿಷಿನವರು ಈ ಕಡಲ ಪದವನ್ನು ಎರವಲು ಪಡೆಯುತ್ತಾರೆ.

‘ವೇನ್’ ಎಂಬುದು ಚಂದ್ರನ ಪದ, ನಮ್ಮ ಕೃಷ್ಣಪಕ್ಷ. ಹುಣ್ಣಿಮೆಯನ್ನು ಕಂಡದ್ದು ಮಾತ್ರ ‘ವೇನ್’ ಆಗಬಲ್ಲದು, ಅಂದರೆ ಒಮ್ಮೆ ಪೂರ್ಣತೆಗೆ ಏರಿದ್ದ ಅಧಿಕಾರ, ಪ್ರಭಾವ, ಜನಪ್ರಿಯತೆ, ಉತ್ಸಾಹ ಇಂಥವು. ವಿಜಯನಗರದ ಪ್ರಭಾವ ಕ್ಷೀಣಿಸುತ್ತಿದ್ದ ಕಾಲದಲ್ಲಿ, 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು ಎಂಬ ವಾಕ್ಯವನ್ನು ಇಂಗ್ಲಿಷಿಗೆ ತರುವಾಗ ಆ ‘ಕ್ಷೀಣಿಸು’ ಎಂಬುದಕ್ಕೆ ಸರಿಯಾದ ಪದ ಇದೇ. ಕಾಲಿನ ಬಾವು ‘ವೇನ್’ ಆಗುವುದಿಲ್ಲ. ಕನ್ನಡ ಲಿಪಿಯಲ್ಲಿ ಬರೆದರೆ ಈ ಪದವೂ ರಕ್ತನಾಳವೆಂಬ ಅರ್ಥದ ಪದವೂ ಒಂದೇ ಆಗಿ ಕಾಣುತ್ತವೆ. ಉಚ್ಚರಿಸುವಾಗ ಚಂದ್ರನ ಪದಕ್ಕೆ ತುಟಿಗಳನ್ನು ದುಂಡಾಗಿಸಬೇಕು, ಹಲ್ಲು ತುಟಿಗೆ ತಾಗಬಾರದು.

ಇನ್ನು ಉಳಿದದ್ದು ‘ಡೈ’ ಎಂಬುದರ ಮನೆತನ. ಅಲ್ಲಿ ಕ್ರಿಯಾಪದ ಒಂದೇ, ಜೊತೆಗೆ ಬರುವ ಚಿಕ್ಕ ಪದವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಆಲೆಮನೆಯ ಒಲೆಯಲ್ಲಿ ಉರಿ ತಗ್ಗಿದರೆ ‘ಡೈ ಡೌನ್’; ಕೆಂಡ ಇನ್ನೂ ಇದೆ, ರಚ್ಚು, ಅಂದರೆ ಹಾಲು ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆ, ಹಾಕಿದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಊರಿನಲ್ಲಿ ಆಲೆಮನೆಗಳೇ ಇಲ್ಲವಾದರೆ, ಆ ಕಸುಬನ್ನು ಕಲಿತವರೇ ಉಳಿಯದಿದ್ದರೆ, ಅದು ‘ಡೈ ಔಟ್’. ಅಲ್ಲಿಂದ ಮರಳುವ ದಾರಿಯಿಲ್ಲ. ಬಿಸಿಲಿಗೆ ಸಸಿಗಳು ಒಂದಾದ ಮೇಲೊಂದು ಸತ್ತರೆ ‘ಡೈ ಆಫ್’. ವಿಜಯದಶಮಿಯ ದಿನ ಜಂಬೂಸವಾರಿ ಅರಮನೆಯಿಂದ ಹೊರಟು, ಪೊಲೀಸ್ ಬ್ಯಾಂಡಿನ ಸದ್ದು ಸಯ್ಯಾಜಿರಾವ್ ರಸ್ತೆಯುದ್ದಕ್ಕೂ ದೂರವಾಗುತ್ತ, ನಿಂತಲ್ಲೇ ನಿಂತ ನಮ್ಮ ಕಿವಿಗೆ ನಗಾರಿಯ ಕೊನೆಯ ಪೆಟ್ಟು ಕೇಳಿತೋ ಇಲ್ಲವೋ ಎನ್ನುವಂತಾದರೆ, ಅದು ‘ಡೈ ಅವೇ’.

ನಮಸ್ಕಾರ.